ಬೇವು ಕಟ್ಟಿದ ಬಾಗಿಲು

ದಾಂಡೇಲಿಯ ನಮ್ಮ ಚಾಳಿನಲ್ಲಿ ಮನೆಮನೆಯ ನಡುವಿನ ಗೋಡೆಗಳು ಹಂಚಿನವರೆಗೆ ಹೋಗುತ್ತಿರಲಿಲ್ಲ. ಆಳೆತ್ತರಕ್ಕಿಂತ ಒಂದಿಷ್ಟು ಮೇಲೆ ಹೋಗಿ ಅಲ್ಲಿಗೇ ನಿಂತುಬಿಡುತ್ತಿದ್ದವು. ಕಟ್ಟಿಸಿದ ಪುಣ್ಯಾತ್ಮ ಇಟ್ಟಿಗೆ ಉಳಿಸಿದ್ದ. ಹೀಗಾಗಿ ನಮ್ಮ ಒಗ್ಗರಣೆಗೆ ಪಕ್ಕದ ಮನೆಯವರು ಸೀನುತ್ತಿದ್ದರು, ಅವರ ಜಗಳಕ್ಕೆ ನಾವು ತುತ್ತು ಕೈಯಲ್ಲೇ ಹಿಡಿದು ಕಿವಿಗೊಡುತ್ತಿದ್ದೆವು. ಯಾರ ಮನೆಯಲ್ಲಿ ಎಷ್ಟು ರೊಟ್ಟಿ ಬಡಿದರು ಎಂಬುದು ಸಪ್ಪಳದಿಂದಲೇ ತಿಳಿಯುತ್ತಿತ್ತು. ಸಪ್ಪಳ ಬೇಗ ನಿಂತರೆ ‘ಯಾಕ, ಯಾರಿಗರ ಆರಾಮ ಇಲ್ಲೇನು?’ ಎಂದು ಗೋಡೆಯ ಮೇಲಿಂದಲೇ ಪ್ರಶ್ನೆ ಬರುತ್ತಿತ್ತು. ಮುಂದೆ ಪಡಸಾಲೆ, ಅಲ್ಲಿ ಅಪ್ಪನ ಸೈಕಲ್ಲು ಮತ್ತು ಆಯಿಯ ಹೊರಸು. ಹಿಂದೆ ಅಡುಗೆಮನೆ, ಅದರ ಬಗಲಿಗೆ ಜೋಳದ ಚೀಲ ಇಡುತ್ತಿದ್ದ, ಕಿಟಕಿಯಿಲ್ಲದ ಒಂದು ಕತ್ತಲೆಕೋಣೆ. ಹಿತ್ತಲಲ್ಲಿ ಸಾಲಾಗಿ ಎಲ್ಲರ ಬಚ್ಚಲು, ಒಂದೊಂದರಲ್ಲೂ ನೀರು ಕಾಯಿಸುವ ತಾಮ್ರದ ಹಂಡೆ. ಇದಿಷ್ಟು ನಮ್ಮ ಪ್ರಪಂಚ. ಗಾಳಿ ತಿರುಗಿದಾಗ ಕಾಗದದ ಮಿಲ್ಲಿನ ನಾತ ಒಳಗೆ ಬರುತ್ತಿತ್ತು. ಹೊಸದಾಗಿ ಬಂದ ನೆಂಟರು ಮೂಗು ಮುಚ್ಚಿಕೊಂಡಾಗಲೇ ನಮಗೆ ಅದರ ನೆನಪಾಗುತ್ತಿತ್ತು. ಇಂಥ ಮನೆಯಲ್ಲಿ ನನ್ನ ಆಯಿ ಒಂದು ಗುಟ್ಟನ್ನು ಮುಚ್ಚಿಡಲು ಹೊರಟಳು. ಅವಳ ಧೈರ್ಯಕ್ಕೆ ಈಗಲೂ ನನಗೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ.

ಆಯಿ ಎಂದರೆ ಅಪ್ಪನ ತಾಯಿ, ನೀಲವ್ವ. ಗಂಡ ಸತ್ತ ಮೇಲೆ ಧಾರವಾಡದ ಕಡೆಯ ಹಳ್ಳಿಯಿಂದ ಇಬ್ಬರು ಗಂಡುಮಕ್ಕಳನ್ನು ಕಟ್ಟಿಕೊಂಡು ದಾಂಡೇಲಿಗೆ ಬಂದವಳು. ದೊಡ್ಡವನು ನನ್ನಪ್ಪ, ಮಿಲ್ಲಿನಲ್ಲಿ ಬಿದಿರು ಕತ್ತರಿಸುವ ಯಂತ್ರದ ಹತ್ತಿರ ಪಾಳಿಯ ಕೆಲಸ. ಸಣ್ಣವನು ಅಶೋಕ ಕಾಕಾ, ಕಾಗದ ಹೇರಿಕೊಂಡು ಗೋವಾಕ್ಕೆ, ಮುಂಬೈಗೆ ಹೋಗುವ ಲಾರಿಯ ಡ್ರೈವರ. ಮದುವೆಯಾಗಿರಲಿಲ್ಲ. ಅವನು ಮನೆಗೆ ಬಂದ ದಿನ ನನಗೆ ಹಬ್ಬ. ಸಮುದ್ರದ ಬಗ್ಗೆ ಬಾಯಿಗೆ ಬಂದ ಸುಳ್ಳು ಹೇಳುತ್ತಿದ್ದ, ನನ್ನ ಎರಡು ಜಡೆಯನ್ನು ಅವ್ವನಿಗಿಂತ ಬಿಗಿಯಾಗಿ ಹೆಣೆಯುತ್ತಿದ್ದ, ಸೈಕಲ್ಲಿನ ಮುಂದೆ ಕೂರಿಸಿಕೊಂಡು ಕೋಗಿಲಬನದ ಹೊಳೆದಂಡೆಗೆ ಒಯ್ಯುತ್ತಿದ್ದ. ಚಾಳಿನ ಹೆಂಗಸರು ಅವನ ತೋಳಿನ ಬಲ ಪರೀಕ್ಷಿಸುವುದೂ ಉಂಟು. ದೀಪಾವಳಿಗೆ ಹಂಡೆಗಳನ್ನೆಲ್ಲ ಹುಣಸೆಹಣ್ಣು ಹಚ್ಚಿ ತಿಕ್ಕಲು ಒಲೆಯಿಂದ ಇಳಿಸುವಾಗ ‘ಅಶೋಕಾ, ಒಂದೀಟು ಕೈ ಹಚ್ಚೋ’ ಎಂದು ಕರೆಯುತ್ತಿದ್ದರು. ನಾಲ್ಕನೆಯ ಮನೆಯ ಶಾಂತಕ್ಕನ ಹಂಡೆ ಎಲ್ಲಕ್ಕಿಂತ ದೊಡ್ಡದು, ತವರಿನಿಂದ ಬಂದದ್ದು. ಕಾಕಾ ಅದನ್ನು ಹೆಗಲ ಮೇಲಿಟ್ಟುಕೊಂಡು ಕುಣಿದು ತೋರಿಸುತ್ತಿದ್ದ. ಶಾಂತಕ್ಕ ‘ಕೆಡವೀಯೋ ಹುಚ್ಚಾ’ ಎಂದು ಬೈಯುತ್ತ ನಗುತ್ತಿದ್ದಳು.

ಆಮೇಲೆ ಆಮೇಲೆ ಕಾಕಾ ಮನೆಗೆ ಬಂದರೂ ಬಂದಂತೆ ಇರುತ್ತಿರಲಿಲ್ಲ. ಊಟಕ್ಕೆ ಕರೆದರೆ ತಾಟಿನ ಮುಂದೆ ಕೂತು ತೂಕಡಿಸುತ್ತಿದ್ದ. ಕೈಕಾಲು ಕೆರೆದುಕೊಳ್ಳುತ್ತಿದ್ದ. ಪಾಯಖಾನೆಗೆ ಹೋದರೆ ಹೊರಗೆ ನಿಂತವರು ಚೀರಾಡುವವರೆಗೆ ಬರುತ್ತಿರಲಿಲ್ಲ. ಅವನ ಅಂಗಿಯ ಕಿಸೆಯಲ್ಲಿ ಸಿಗರೇಟು ಪಾಕೀಟಿನ ಬೆಳ್ಳಿಕಾಗದದ ತುಂಡುಗಳು ಇರುತ್ತಿದ್ದವು, ಮೇಲೆ ಕಪ್ಪು ಗೆರೆ ಎಳೆದಂತೆ ಸುಟ್ಟಿರುತ್ತಿದ್ದವು. ಮನೆಯಿಂದ ಒಂದೊಂದೇ ಸಾಮಾನು ಕಾಣೆಯಾಗತೊಡಗಿತು. ಆಯಿಯ ಹಿತ್ತಾಳೆ ತಂಬಿಗೆ, ಅಪ್ಪನ ರೇಡಿಯೋ, ಕೊನೆಗೆ ನನ್ನ ಬೆಳ್ಳಿಯ ಕಾಲ್ಗೆಜ್ಜೆ. ಗೆಜ್ಜೆ ಹೋದ ದಿನ ಅಪ್ಪ ಬೆಲ್ಟು ಬಿಚ್ಚಿ ಹೊಡೆದ. ಕಾಕಾ ತಪ್ಪಿಸಿಕೊಳ್ಳಲಿಲ್ಲ, ಅಳಲಿಲ್ಲ, ಹೊಡೆತದ ನಡುವೆಯೇ ಆಕಳಿಸಿದ. ಅಪ್ಪನ ಕೈ ನಿಂತದ್ದು ಆ ಆಕಳಿಕೆಗೆ.

“ಸೆರೆ ಕುಡದ್ರ ಬಾಯಿ ವಾಸನಿ ಬರತೈತಿ. ಇಂವನ ಬಾಯಾಗ ಏನೂ ಇಲ್ಲ. ಇದೇನ ರೋಗಪಾ ಇದು?” ಎಂದ ಅಪ್ಪ.

ಲಾರಿ ಸ್ಟ್ಯಾಂಡಿನವರು ಅದೇನೆಂದು ಹೇಳಿದರು. ಪೇಪರಿನವರು ಬ್ರೌನ್ ಶುಗರ್ ಎಂದು ಬರೆಯುತ್ತಿದ್ದುದನ್ನು ಲಾರಿಯವರು ಗರ್ದ ಎನ್ನುತ್ತಿದ್ದರು. ಬೆಳ್ಳಿಕಾಗದದ ಮೇಲೆ ಹಾಕಿ, ಕೆಳಗೆ ಕಡ್ಡಿ ಗೀರಿ, ಹೊಗೆ ಎಳೆಯುವುದು. ಆ ಹೊತ್ತಿಗೆ ಆ ಹೆಸರು ಚಾಳಿಗೂ ಬಂದಿತ್ತು, ಕಥೆಗಳ ರೂಪದಲ್ಲಿ. ಗರ್ದ ಸೇದುವವರು ಸೊಂಟದಲ್ಲಿ ಬ್ಲೇಡು ಇಟ್ಟುಕೊಂಡಿರುತ್ತಾರೆ, ಕಿವಿಯೋಲೆಗಾಗಿ ಕಿವಿಯನ್ನೇ ಕೊಯ್ಯುತ್ತಾರೆ, ಶಾಲೆ ಬಿಟ್ಟು ಬರುವ ಹುಡುಗಿಯರನ್ನು ಗೋವಾಕ್ಕೆ ಸಾಗಿಸುತ್ತಾರೆ. ಶಾಂತಕ್ಕ ನಳದ ಹತ್ತಿರ ಇದನ್ನೆಲ್ಲ ನನಗೆ ಕಣ್ಣು ಅಗಲಿಸಿ ಹೇಳುತ್ತಿದ್ದಳು. ನಾನು ಅವಳ ಮುಂದೆ ನಿಂತು ಕೇಳುತ್ತಿದ್ದೆ, ಆ ಬೆಳಿಗ್ಗೆಯಷ್ಟೇ ಗರ್ದ ಸೇದುವವನು ನನ್ನ ಜಡೆ ಹೆಣೆದು ಕಳಿಸಿದ್ದ. ನನಗೆ ಸಿಟ್ಟು ಬರುತ್ತಿತ್ತು, ಯಾರ ಮೇಲೆಂದು ಗೊತ್ತಾಗುತ್ತಿರಲಿಲ್ಲ. ಮೂಗಿನ ತುದಿಯಲ್ಲಿ ಸಿಟ್ಟು ಇಟ್ಟುಕೊಂಡ ಹೆಂಗಸು ಎಂದು ಈಗ ನನಗೆ ಹೆಸರಿದೆಯಲ್ಲ, ಆ ಸಿಟ್ಟು ಹುಟ್ಟಿದ್ದು ಆ ನಳದ ಕಟ್ಟೆಯಲ್ಲಿ.

ದವಾಖಾನೆಯ ಡಾಕ್ಟರು ಧಾರವಾಡಕ್ಕೆ ಒಯ್ಯಿರಿ ಎಂದರು. ಆಯಿ ಕೇಳಲಿಲ್ಲ. ಧಾರವಾಡದ ದವಾಖಾನೆಗೆ ಹೋದವನೆಂದರೆ ಹುಚ್ಚನೆಂದೇ ಲೆಕ್ಕ, ಆಮೇಲೆ ಹೆಣ್ಣು ಕೊಡುವವರು ಯಾರು ಎಂಬುದು ಅವಳ ಹಟ. ಹಾಗಾದರೆ ಮನೆಯಲ್ಲೇ ಬಿಡಿಸಿ, ಒಂದು ವಾರ, ಹತ್ತು ದಿನ ನರಕ ಇರುತ್ತದೆ, ನೀರು, ಗಂಜಿ ತಪ್ಪಿಸಬೇಡಿ, ಹೊರಗೆ ಬಿಡಬೇಡಿ, ಹೆಚ್ಚುಕಡಿಮೆಯಾದರೆ ಕೂಡಲೇ ಕರೆತನ್ನಿ ಎಂದು ಡಾಕ್ಟರು ಮಾತ್ರೆ ಬರೆದುಕೊಟ್ಟರು. ಕಾಕಾ ಇದಕ್ಕೆ ತಾನಾಗಿಯೇ ಒಪ್ಪಿದ. ಪಡಸಾಲೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು ಕೂತು, ಅವ್ವನ ಕಡೆ ನೋಡಿ ಹೇಳಿದ ಮಾತು ನನಗೆ ಚೆನ್ನಾಗಿ ನೆನಪಿದೆ.

“ವೈನಿ, ಕತ್ತಲಿ ಕ್ವಾಣ್ಯಾಗ ಹಾಕಿ ಚಿಲಕ ಜಡೀರಿ. ನಾ ಎಷ್ಟ ಬೇಡಿಕೊಂಡ್ರೂ ತಗೀಬ್ಯಾಡ್ರಿ. ಆಯೀ ಕೈಯಾಗ ಮಾತ್ರ ಕೀಲಿ ಕೊಡಬ್ಯಾಡ್ರಿ, ಅಕಿ ತಗದ ಬಿಡತಾಳ.”

ಕೋಣೆಯೇನೋ ಇತ್ತು. ಆದರೆ ಗೋಡೆ? ಅವನು ನರಳಿದರೆ ಇಡೀ ಚಾಳು ಕೇಳುತ್ತದೆ. ಕಣ್ಣು ಹಳದಿಯಾಗುವ ಕಾಮಣಿಯೆಂದರೆ ಔಷಧಿ ಹೇಳಲು ಒಬ್ಬೊಬ್ಬರೇ ಒಳಗೆ ಬರುತ್ತಾರೆ, ಜ್ವರವೆಂದರೆ ಹಣೆ ಮುಟ್ಟಿ ನೋಡಲು ಬರುತ್ತಾರೆ. ಯಾರೂ ಬಾಗಿಲು ದಾಟದಂತೆ ಮಾಡುವ ಕಾಯಿಲೆ ನಮ್ಮ ಜನಕ್ಕೆ ಗೊತ್ತಿದ್ದದ್ದು ಒಂದೇ. ಮೈಮೇಲೆ ಅಮ್ಮ ಏಳುವುದು. ಅಮ್ಮ ಎದ್ದರೆ ಅದು ಕಾಯಿಲೆಯಲ್ಲ, ದೇವಿಯೇ ಮನೆಗೆ ಬಂದಂತೆ. ಬಾಗಿಲಿಗೆ ಬೇವಿನ ಟೊಂಗೆ ಕಟ್ಟುತ್ತಾರೆ. ಅದನ್ನು ಕಂಡರೆ ಹೊರಗಿನವರು ಹೊಸ್ತಿಲಲ್ಲೇ ಕೈಮುಗಿದು ಹೋಗುತ್ತಾರೆ. ಮನೆಯಲ್ಲಿ ಒಗ್ಗರಣೆ ಇಲ್ಲ, ಕರಿಯುವುದಿಲ್ಲ, ತಲೆ ಬಾಚುವುದಿಲ್ಲ, ಗಟ್ಟಿಯಾಗಿ ಮಾತಿಲ್ಲ. ಒಳಗೆ ಮಲಗಿದವರು ನರಳಿದರೂ ತಾಯಿ ಆಡಿಸುತ್ತಿದ್ದಾಳೆ ಎನ್ನುತ್ತಾರೆಯೇ ಹೊರತು ಏನೆಂದು ಕೇಳುವುದಿಲ್ಲ. ಆಯಿ ಈ ಉಪಾಯ ಹೇಳಿದಾಗ ಅಪ್ಪ ತಾಟು ಸರಿಸಿ ಎದ್ದುಬಿಟ್ಟ.

“ಯವ್ವಾ, ದೇವರ ಹೆಸರಿಲೇ ಸುಳ್ಳ ಹೇಳತೀಯೇನ? ಇನ್ನ ಅದೊಂದ ಬಾಕಿ ಇತ್ತ ನೋಡು.”

“ನನ್ನ ಮಗನ್ನ ಉಳಸೂದು ದೇವರಿಗೆ ಬ್ಯಾಡಾಗಿರತೈತೇನ? ತಾಯಿ ಅಕಿ. ತಾಯಿ ಕಷ್ಟ ತಾಯಿಗೆ ತಿಳೀತೈತಿ.”

“ಅತ್ತಿ, ಮನ್ಯಾಗ ಹುಡುಗಿ ಅದಾಳ,” ಎಂದಳು ಅವ್ವ ಮೆಲ್ಲಗೆ. “ಸಿಟ್ಟಾಗಿ ಖರೇನ ಬಂದಗಿಂದಾಳು.”

ಆಯಿ ನನ್ನ ತಲೆಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿಕೊಂಡಳು. ಮರುದಿನ ಅಪ್ಪನೇ ಹಳಿಯಾಳಕ್ಕೆ ಹೋಗಿ ಬೇವಿನ ಟೊಂಗೆ ತಂದ. ದಾಂಡೇಲಿಯ ಕಾಡಿನಲ್ಲಿ ತೇಗ, ಮತ್ತಿ, ಬಿದಿರು ಎಷ್ಟು ಬೇಕಾದರೂ ಇತ್ತು, ಬೇವು ಮಾತ್ರ ಹಳಿಯಾಳದ ಬಯಲಿಗೇ ಹೋಗಿ ತರಬೇಕು. ಸುಳ್ಳು ಬೇಡ ಎಂದವನೇ ಸುಳ್ಳನ್ನು ಸೈಕಲ್ಲಿಗೆ ಕಟ್ಟಿಕೊಂಡು ಬಸ್‌ಸ್ಟ್ಯಾಂಡಿನಿಂದ ಬಂದ, ದಾರಿಯುದ್ದಕ್ಕೂ ಜನ ಕೈಮುಗಿದರಂತೆ. ಅವನು ತಲೆಯೆತ್ತಿ ನೋಡಲಿಲ್ಲವಂತೆ.

ಆ ದಿನಗಳನ್ನು ಹೇಗೆ ಹೇಳಲಿ. ಮೊದಲ ದಿನ ಬರೀ ಸೀನು, ಮೂಗು ಕಣ್ಣು ಸೋರುವುದು. ಆಮೇಲೆ ವಾಂತಿ, ಭೇದಿ, ಎಲುಬಿನಲ್ಲಿ ಹುಳು ಹರಿದಾಡಿದಂತಾಗುತ್ತದೆ ಎಂಬ ನರಳಾಟ. ಕೋಳಿಯ ಮೈಯಂತೆ ಅವನ ಚರ್ಮ ಮುಳ್ಳೇಳುತ್ತಿತ್ತು. ಅಪ್ಪ ಪಾಳಿ ಮುಗಿಸಿ ಬಂದವನೇ ಒಳಗೆ ಹೋಗಿ ಅವನ ಕಾಲು ಒತ್ತುತ್ತಿದ್ದ. ಬೆಲ್ಟಿನಿಂದ ಹೊಡೆದ ಕೈಯೇ ಅದು. ಅವ್ವ ಬಕೆಟ್ಟು ಬಳಿದು, ಬಟ್ಟೆ ಒಗೆದು, ಕೀಲಿಯನ್ನು ಕುಪ್ಪಸದೊಳಗೆ ಇಟ್ಟುಕೊಂಡು ಓಡಾಡುತ್ತಿದ್ದಳು. ನನ್ನ ಕೆಲಸ ಕದದ ಹೊರಗೆ ಕೂತು ಅವನಿಗೆ ಏನಾದರೂ ಹೇಳುತ್ತಿರುವುದು. ಶಾಲೆಗೂ ಬಿಟ್ಟಿರಲಿಲ್ಲ, ಅಮ್ಮ ಎದ್ದ ಮನೆಯ ಮಗುವನ್ನು ಯಾರು ಕರೆದುಕೊಳ್ಳುತ್ತಾರೆ? ನಾನು ಪಾಠದ ಪುಸ್ತಕವನ್ನೇ ಕದದ ಸಂದಿಗೆ ಬಾಯಿಟ್ಟು ಓದುತ್ತಿದ್ದೆ. ಒಳಗಿನಿಂದ ಒಮ್ಮೊಮ್ಮೆ ‘ಮುಂದ ಓದವಾ ಕಸ್ತೂರಿ’ ಎಂಬ ದನಿ ಬರುತ್ತಿತ್ತು. ಒಮ್ಮೊಮ್ಮೆ ಬೇರೆಯೇ ದನಿ, ಬಾಗಿಲು ಒದೆಯುವ ಸದ್ದು, ಕೇಳಬಾರದ ಬೈಗುಳ. ಅದೂ ಕಾಕಾನೇ ಎಂದು ನಂಬಲು ನನಗೆ ಕಷ್ಟವಾಗುತ್ತಿತ್ತು. ಆಯಿ ದೇವರ ಜಗಲಿಯ ಮುಂದೆ ಕೂತು ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಅವ್ವ ದಿನಾ ಬೆಳಿಗ್ಗೆ ನನ್ನ ಅಂಗಿ ಬಿಚ್ಚಿಸಿ ಬೆನ್ನು, ಹೊಟ್ಟೆ, ಕಂಕುಳು ನೋಡುತ್ತಿದ್ದಳು, ಒಂದು ಗುಳ್ಳೆಯಾದರೂ ಎದ್ದಿದೆಯೇ ಎಂದು. ಸೊಳ್ಳೆ ಕಚ್ಚಿದ ಕಲೆ ಕಂಡರೂ ದೀಪ ತಂದು ಮತ್ತೆ ನೋಡುತ್ತಿದ್ದಳು.

ಹೊರಗಿನವರು ಮಾತ್ರ ದೇವರಂಥವರಾಗಿದ್ದರು. ಹೊಸ್ತಿಲ ಹೊರಗೆ ಮೊಸರಿನ ಗಡಿಗೆ, ಎಳನೀರು, ಅಂಬಲಿ ಇಟ್ಟು ಹೋಗುತ್ತಿದ್ದರು. ಶಾಂತಕ್ಕ ದಿನಾ ಸಂಜೆ ಬಂದು ‘ತಣ್ಣಗ ಇರವಾ ತಾಯಿ, ಹುಡುಗನ್ನ ಭಾಳ ಆಡಸಬ್ಯಾಡ’ ಎಂದು ಬೇವಿಗೆ ಕೈಮುಗಿದು ಹೋಗುತ್ತಿದ್ದಳು. ಪಕ್ಕದ ಮನೆಯ ತಾರವ್ವ, ಕಾಲು ಬಾತು ಹೆಚ್ಚು ನಡೆಯಲಾರದ ಮುದುಕಿ, ಗೋಡೆಯ ಆಚೆಯಿಂದ ಏನನ್ನೂ ಕೇಳುತ್ತಿರಲಿಲ್ಲ. ಕಾಕಾ ಹೆಚ್ಚು ಕೂಗಾಡಿದಾಗ ಅವಳು ತನ್ನ ಮನೆಯಲ್ಲಿ ಕಲ್ಲಿನಲ್ಲಿ ಏನನ್ನೋ ಕುಟ್ಟತೊಡಗುತ್ತಿದ್ದಳು. ಮುದುಕಿಗೆ ಅಷ್ಟೊಂದು ಕುಟ್ಟುವುದು ಏನಿರುತ್ತದೋ ಎಂದುಕೊಳ್ಳುತ್ತಿದ್ದೆ.

ಸಂತೆಯ ದಿನ ಮಧ್ಯಾಹ್ನ ಚಾಳು ಖಾಲಿಯಾಗಿತ್ತು. ಸಂಜೆ ಎಲ್ಲರೂ ಚೀಲ ಹೊತ್ತು ಬಂದರು, ಸ್ವಲ್ಪ ಹೊತ್ತಿಗೆ ಹಿತ್ತಲಿನಿಂದ ಶಾಂತಕ್ಕನ ಬೊಬ್ಬೆ ಕೇಳಿತು. ಒಲೆಯ ಮೇಲೆ ಹಂಡೆ ಇರಲಿಲ್ಲ. ಬೂದಿಯಲ್ಲಿ ಅದು ಕೂತಿದ್ದ ಗುಂಡನೆಯ ಗುರುತು ಮಾತ್ರ ಇತ್ತು. ಹಿತ್ತಲ ಬೇಲಿ ಮುರಿದಿತ್ತು. ತವರಿನ ಹಂಡೆಗೆ ಅವಳು ಸತ್ತವರಿಗೆ ಅತ್ತಂತೆ ಅತ್ತಳು. ಮರುದಿನ ಪೊಲೀಸಪ್ಪ ಒಬ್ಬ ಮನೆಮನೆಯ ಒಳಗೆ ಹೋಗಿ ನೋಡುತ್ತ ಬಂದ. ನಮ್ಮ ಬಾಗಿಲಿಗೆ ಬಂದವನು ಬೇವು ಕಂಡು ಟೊಪ್ಪಿಗೆ ತೆಗೆದ, ಕೈಮುಗಿದ, ಮುಂದಿನ ಮನೆಗೆ ಹೋದ. ಕದದ ಸಂದಿಯಿಂದ ನೋಡುತ್ತಿದ್ದ ಆಯಿಯ ಮುಖದಲ್ಲಿ ಗೆದ್ದ ಕಳೆ ಇತ್ತು. ಸುಳ್ಳು ಎಷ್ಟು ಚೆನ್ನಾಗಿ ಕಾವಲು ಕಾಯುತ್ತದೆ ಎಂದು ಅವಳಿಗೂ ಅನ್ನಿಸಿರಬೇಕು.

ಒಂದು ಬೆಳಿಗ್ಗೆ ಕಾಕಾ ಗಂಜಿ ಉಂಡು ಇನ್ನೂ ಇದೆಯೇ ಎಂದು ಕೇಳಿದ. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಡುಗೆಮನೆಗೆ ಓಡಿದಳು, ಅಳುವನ್ನು ನಾವು ನೋಡಬಾರದೆಂದು. ಅವನು ಬಡಕಲಾಗಿದ್ದ, ನಿಂತರೆ ಕಾಲು ನಡುಗುತ್ತಿತ್ತು, ಆದರೆ ಕಣ್ಣು ನಮ್ಮ ಕಾಕಾನವೇ ಆಗಿದ್ದವು. ನಮಗೆಲ್ಲ ಅದೆಂಥ ಸಂತೋಷವೆಂದರೆ, ಮುಂದೇನು ಎಂದು ಯಾರೂ ಯೋಚಿಸಲೇ ಇಲ್ಲ. ಬೇವು ಕಟ್ಟಿದ ಮೇಲೆ ಅದನ್ನು ಬಿಚ್ಚುವ ದಿನವೂ ಬರುತ್ತದೆ. ಅಮ್ಮ ಇಳಿದ ಮೇಲೆ ಬೇವು ಅರಿಸಿನದ ನೀರು ಹಾಕಿ, ದೇವಿಗೆ ಮೊಸರನ್ನದ ಎಡೆ ಹಿಡಿದು, ಚಾಳಿಗೆಲ್ಲ ಪ್ರಸಾದ ಕೊಡಬೇಕು. ಕೊಡದಿದ್ದರೆ ಸಂಶಯ. ಹಾಗಾಗಿ ಆಯಿ ಎಲ್ಲವನ್ನೂ ಕ್ರಮವಾಗಿ ಮಾಡಿದಳು. ನೀರು ಹಾಕಿಸಿಕೊಂಡ ಕಾಕಾ ಬರಿಮೈಯಲ್ಲಿ ಪಡಸಾಲೆಯ ಹೊರಸಿನ ಮೇಲೆ ಕೂತಿದ್ದ. ಹೆಂಗಸರು ಪ್ರಸಾದಕ್ಕೆ ಬಂದರು. ಬಂದವರು ಮೊದಲು ಅವನ ಮುಖ ನೋಡಿದರು, ಎದೆ ನೋಡಿದರು, ತೋಳು ನೋಡಿದರು. ಮೊಸರನ್ನದ ಕೈ ಹಾಗೇ ನಿಂತಿತು.

“ಒಂದ ಕಲೀನೂ ಬಿದ್ದಿಲ್ಲಲ್ಲ ನೀಲವ್ವಾ,” ಎಂದಳು ಶಾಂತಕ್ಕ.

“ತಾಯಿ ತಣ್ಣಗ ಇಳದ್ಲು,” ಎಂದಳು ಆಯಿ.

ಶಾಂತಕ್ಕ ಪ್ರಸಾದವನ್ನು ಕಣ್ಣಿಗೊತ್ತಿಕೊಳ್ಳದೆ ತಾಟಿನಲ್ಲೇ ಬಿಟ್ಟು ಎದ್ದು ಹೋದಳು. ಅವಳ ಹಿಂದೆ ಉಳಿದವರೂ ಎದ್ದರು.

ಮಧ್ಯಾಹ್ನದ ಹೊತ್ತಿಗೆ ಅಂಗಳದಲ್ಲಿ ಜನ ಸೇರಿದ್ದರು, ಪೊಲೀಸಪ್ಪನೂ ಬಂದಿದ್ದ. ಲಾರಿ ಸ್ಟ್ಯಾಂಡಿನ ಸುದ್ದಿ ಯಾರಿಗೋ ಮೊದಲೇ ಗೊತ್ತಿತ್ತು. ಈಗ ಎಲ್ಲ ಕೂಡಿ ಬಂತು. ಇವನಿಗೆ ಅಮ್ಮ ಎದ್ದೇ ಇರಲಿಲ್ಲ. ಕಳ್ಳನನ್ನು ಅಡಗಿಸಲು, ಪೊಲೀಸರು ಒಳಗೆ ಬಾರದಂತೆ ಮಾಡಲು ಬೇವು ಕಟ್ಟಿದ್ದಾರೆ. ಅಷ್ಟು ದೊಡ್ಡ ಹಂಡೆಯನ್ನು ಹೆಗಲಿಗೇರಿಸುವವನು ಈ ಚಾಳಿನಲ್ಲಿ ಮತ್ತಾರಿದ್ದಾರೆ? ಗರ್ದದವರು ತಾಮ್ರವನ್ನು ಬಿಟ್ಟಾರೆಯೇ? ಅವರ ಲೆಕ್ಕ ಒಂದಕ್ಕೊಂದು ಕೂಡುತ್ತಿತ್ತು, ಅದೇ ನನಗೆ ಭಯವಾಗಿದ್ದು. ಪೊಲೀಸಪ್ಪ ಕಾಕಾನ ಮಣಿಕಟ್ಟು ಹಿಡಿದುಕೊಂಡಿದ್ದ. ಈಗಷ್ಟೇ ನೆಟ್ಟಗೆ ನಿಲ್ಲಲು ಕಲಿತವನನ್ನು ಕಳ್ಳನೆಂದು ಒಳಗೆ ಹಾಕಿದರೆ ಅವನು ಮತ್ತೆ ಆ ಹೊಗೆಗೇ ಹೋಗುತ್ತಾನೆ ಎಂದು ನಮಗೆಲ್ಲ ಗೊತ್ತಿತ್ತು. ಆಗ ಆಯಿ ಹೊಸ್ತಿಲಿಂದ ಇಳಿದು ಅಂಗಳದ ನಡುವೆ ಬಂದಳು.

“ನಾ ಸುಳ್ಳ ಹೇಳೇನಿ. ಅಮ್ಮ ಎದ್ದಿದ್ದಿಲ್ಲ. ನನ್ನ ಮಗ ಗರ್ದಾ ಸೇದತಿದ್ದ. ಬಿಡಸಾಕಂತ ಕ್ವಾಣ್ಯಾಗ ಹಾಕಿ ಕೀಲಿ ಜಡದಿದ್ವಿ. ಸಂತಿ ದಿನಾ ಅಂವ ಎದ್ದ ನಿಂದ್ರಾಕ ಬರತಿದ್ದಿಲ್ಲ, ಹಂಡೇ ಹೆಂಗ ಎತ್ತತಾನ? ತಪ್ಪ ನಂದು. ತಾಯಿ ಹೆಸರ ತಗದಾಕಿ ನಾನು. ಏನ ಬರತೈತಿ ನನಗ ಬರಲಿ.”

ಇಷ್ಟು ಹೇಳಿದ ಮೇಲೆ ಎಲ್ಲವೂ ಸರಿಹೋಗುತ್ತದೆ ಎಂದು ನಾನು ಅಂದುಕೊಂಡೆ. ಚಿಕ್ಕವಳು ನೋಡಿ.

“ಕೇಳಿದ್ರೇನು? ಗರ್ದಾ ಸೇದತಾನಂತ ಅವರವ್ವನ ಒಪ್ಪಿಕೊಂಡ್ಳು,” ಎಂದಳು ಶಾಂತಕ್ಕ. “ದೇವಿ ಹೆಸರಿಲೇನ ಸುಳ್ಳ ಹೇಳಿದಾಕಿ, ಹಂಡೇ ಸಲುವಾಗಿ ಸುಳ್ಳ ಹೇಳೂದಿಲ್ಲೇನು?”

ಜನ ಹೌದೆಂದು ತಲೆಯಾಡಿಸಿದರು. ಆಗ ಪಕ್ಕದ ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದ ತಾರವ್ವ ದನಿ ತೆಗೆದಳು.

“ಸಂತಿ ದಿನಾ ನಾ ಎಲ್ಲೂ ಹೋಗಿಲ್ಲ. ಕಾಲ ಬಾತಿದ್ದು. ಇಡೀ ಮಧ್ಯಾಹ್ನ ಈ ಹುಡುಗ ಗ್ವಾಡಿ ಆಚೆ ವಾಂತಿ ಮಾಡ್ಕೋತ, ಬಾಗಲಾ ತಗೀರಿ ಅಂತ ಅಳಕೋತ ಇದ್ದ. ಕೇಳಲಾರದ ನಾ ಕಲ್ಲಾಗ ಕಲ್ಲ ಕುಟ್ಟಿಕೋತ ಕುಂತಿದ್ದೆ.”

“ಮತ್ತ ಇಷ್ಟ ದಿನಾ ಯಾಕ ಹೇಳಲಿಲ್ಲ ನೀ?” ಪೊಲೀಸಪ್ಪ ಕೇಳಿದ.

“ಅಕಿ ಅಮ್ಮ ಅಂದ್ಳು, ನಾನೂ ಅಮ್ಮ ಅಂದೆ. ನಾಳೆ ನನ್ನ ಮನ್ಯಾಗ ಏನರ ಆದ್ರ ಅಕೀನೂ ಹಂಗ ಅನ್ನಲಿ ಅಂತ.”

ಆದರೂ ಪೊಲೀಸಪ್ಪ ಕಾಕಾನನ್ನು ಠಾಣೆಗೆ ಕರೆದೊಯ್ದ. ಅಪ್ಪ ಹಿಂದೆ ಹೋದ. ಪೇಟೆಯ ಬೀದಿಯಲ್ಲಿ ಎಲ್ಲರೂ ಅಂಗಡಿಯಿಂದ ಇಣುಕಿ ನೋಡಿದರಂತೆ. ಆಯಿ ಆ ಸಂಜೆಯವರೆಗೆ ಅಂಗಳದಲ್ಲೇ ಕೂತಿದ್ದಳು, ನೀರು ಕೊಟ್ಟರೂ ಕುಡಿಯಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಇಬ್ಬರೂ ತಿರುಗಿ ಬಂದರು. ತಾರವ್ವನ ಮಾತನ್ನು, ಡಾಕ್ಟರ ಚೀಟಿಯನ್ನು ಅಲ್ಲಿಯವರು ಒಪ್ಪಿದ್ದರು. ಹೊಡೆಯಲಿಲ್ಲ ಎಂದ ಕಾಕಾ. ತನಿಖೆ ಮುಗಿಯುವವರೆಗೆ ಊರು ಬಿಡಬೇಡ ಎಂದು ಹೇಳಿ ಕಳಿಸಿದ್ದರು. ಆ ಹಂಡೆ ಇವತ್ತಿನವರೆಗೂ ಸಿಕ್ಕಿಲ್ಲ. ಸಿಕ್ಕಿದ್ದರೆ ಒಂದು ದಿನದ ಮಾತಾಗಿ ಮುಗಿಯುತ್ತಿತ್ತು, ಸಿಗಲಿಲ್ಲವಾದ್ದರಿಂದ ಅದು ನಮ್ಮ ಮನೆಯ ಬಾಗಿಲಲ್ಲೇ ಉಳಿಯಿತು. ಶಾಂತಕ್ಕ ಕೆಟ್ಟವಳಲ್ಲ, ಇದನ್ನು ಬರೆಯುವಾಗಲೂ ಅವಳ ಮೇಲೆ ನನಗೆ ಹಗೆ ಇಲ್ಲ ಎಂದು ಹೇಳಬೇಕೆಂದಿದ್ದೆ. ಆದರೆ ಇದೆ. ಮೊಸರು ತಂದಿಟ್ಟವಳ ಮೇಲೆ ಹಗೆ ಇಟ್ಟುಕೊಳ್ಳುವುದು ಎಷ್ಟು ಕಷ್ಟ ಎಂಬುದು ಮಾಡಿದವರಿಗೇ ಗೊತ್ತು.

ಆಯಿ ಆವತ್ತಿನಿಂದ ಸಾಯುವವರೆಗೂ ಒಗ್ಗರಣೆ ಹಾಕಿದ ಪದಾರ್ಥ ಬಾಯಿಗಿಡಲಿಲ್ಲ. ತನ್ನ ಪಾಲಿನ ಬೇಳೆಯನ್ನು ಮೊದಲೇ ಬೇರೆ ತೆಗೆದಿಡಿಸಿ ಉಪ್ಪು ಹಾಕಿಕೊಂಡು ಉಣ್ಣುತ್ತಿದ್ದಳು. ದೇವಿಗೆ ಅವಳು ಕಟ್ಟಿದ ದಂಡ ಅದು. ಇನ್ನು ಕಾಕಾನ ಬಗ್ಗೆ ನಿಜ ಹೇಳುವುದಾದರೆ, ಅವನು ಅಷ್ಟಕ್ಕೇ ಗರ್ದ ಬಿಡಲಿಲ್ಲ. ಒಮ್ಮೆ ಬಿಟ್ಟವರು ಮತ್ತೆ ಮುಟ್ಟುವುದಿಲ್ಲ ಎಂಬುದು ಹೊರಗಿನವರ ಕಲ್ಪನೆ. ಮುಂದಿನ ಮಳೆಗಾಲ ಅವನು ಮತ್ತೆ ಲಾರಿಯವರ ಜೊತೆ ಕೂತ, ಮತ್ತೆ ಆಕಳಿಸತೊಡಗಿದ. ಆದರೆ ಈ ಸಲ ಯಾರೂ ಅವನ ಕಿಸೆ ಹುಡುಕುವ ಮೊದಲೇ ಅಡುಗೆಮನೆಯ ಬಾಗಿಲಿಗೆ ಬಂದು ನಿಂತು ‘ವೈನಿ, ಧಾರವಾಡಕ್ಕ ಕಳಸ್ರಿ’ ಎಂದ. ಅಪ್ಪ ಹಗಲು ಹೊತ್ತಿನಲ್ಲೇ, ಎಲ್ಲರೂ ನೋಡುತ್ತಿರುವಾಗಲೇ ಅವನನ್ನು ಕರೆದುಕೊಂಡು ಹೋದ. ಎಲ್ಲಿಗೆ ಎಂದು ಕೇಳಿದವರಿಗೆಲ್ಲ ಅವ್ವ ‘ದವಾಖಾನಿಗೆ’ ಎಂದು ನೆಟ್ಟಗೆ ಉತ್ತರ ಕೊಟ್ಟಳು. ಮುಚ್ಚಿಡುವುದು ಏನೂ ಉಳಿದಿಲ್ಲದ್ದರಿಂದ ನಮ್ಮ ಮನೆಗೆ ಒಂದು ಥರದ ಧೈರ್ಯ ಬಂದಿತ್ತು. ಅಲ್ಲಿಂದ ಬಂದವನು ಮತ್ತೆ ಮುಟ್ಟಲಿಲ್ಲ. ಲಾರಿ ಬಿಟ್ಟು, ಮಿಲ್ಲಿನ ಹೊರಗೆ ಒಂದು ಸೈಕಲ್ ರಿಪೇರಿ ಅಂಗಡಿಯಲ್ಲಿ ಕೂತ.

ಆದರೆ ಅವನಲ್ಲಿ ಒಂದು ಹೊಸ ಚಾಳಿ ಬಂತು. ಚಾಳಿನಲ್ಲಿ ಏನಾದರೂ ಕಳೆದರೆ, ಕೋಳಿಯೇ ಆಗಲಿ, ಒಣಹಾಕಿದ ಸೀರೆಯೇ ಆಗಲಿ, ಸುದ್ದಿ ಕಿವಿಗೆ ಬಿದ್ದ ಕೂಡಲೇ ಕಾಕಾ ಇದ್ದಲ್ಲಿಂದ ಎದ್ದು ಬಂದು ನಮ್ಮ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತುಬಿಡುತ್ತಿದ್ದ. ಎರಡೂ ಅಂಗೈ ಮೊಣಕಾಲ ಮೇಲೆ, ಎಲ್ಲರಿಗೂ ಕಾಣುವಂತೆ. ಯಾರೂ ಕರೆದಿರುತ್ತಿರಲಿಲ್ಲ. ಕೋಳಿ ಸಿಕ್ಕಮೇಲೆ ಎದ್ದು ಹೋಗುತ್ತಿದ್ದ. ಅದನ್ನು ನೋಡಿದರೆ ನನಗೆ ಮೈ ಉರಿಯುತ್ತಿತ್ತು. ‘ಯಾಕ ಕೂಡತೀ ಕಾಕಾ, ನೀ ಏನ ಮಾಡೀ?’ ಎಂದು ಜಗಳ ತೆಗೆಯುತ್ತಿದ್ದೆ. ‘ಹುಡುಕ್ಯಾಡಿಕೊಂಡ ಬರೂದು ತಪ್ಪತೈತಲ್ಲವಾ, ಅವರಿಗೂ ತ್ರಾಸು’ ಎನ್ನುತ್ತಿದ್ದ. ಆಯಿ ತೀರಿಕೊಂಡ ಮೇಲೆ ಗುರುತಿನವರು ಇಲ್ಲದ ಕಡೆ ಎಂದು ಜೊಯಿಡಾಕ್ಕೆ ಹೋಗಿ ತನ್ನದೇ ಪಂಕ್ಚರ್ ಅಂಗಡಿ ಹಾಕಿದ. ಅಲ್ಲಿಯವರ ಜೊತೆ ಕೊಂಕಣಿ ಮಾತಾಡುವುದನ್ನೂ ಕಲಿತ. ಹಬ್ಬಕ್ಕೆ ಬಂದಾಗ ಅವನ ಮುಖ ತುಂಬಿಕೊಂಡಿರುತ್ತಿತ್ತು, ನನಗೆ ನೆಮ್ಮದಿಯಾಗುತ್ತಿತ್ತು.

ನನ್ನ ಮದುವೆ ಮುಂಡಗೋಡದ ಹತ್ತಿರ ಸನವಳ್ಳಿಯಲ್ಲಿ, ಗಂಡಿನ ಮನೆಯ ಅಂಗಳದಲ್ಲಿ ಆಯಿತು. ಆ ಹೊತ್ತಿಗೆ ಕಾಕಾ ಗರ್ದ ಬಿಟ್ಟು ಎಷ್ಟೋ ವರ್ಷಗಳಾಗಿದ್ದವು. ನನ್ನ ಗಂಡನ ಕಡೆಯವರಿಗೆ ಅವನ ಹಿಂದಿನ ಕಥೆ ಒಂದಕ್ಷರ ಗೊತ್ತಿರಲಿಲ್ಲ. ಜೊಯಿಡಾದಿಂದ ಬಸ್ಸಿನ ಮೇಲೆ ಬಸ್ಸು ಹತ್ತಿ ಬಂದು, ಹೊಸ ಅಂಗಿ ಹಾಕಿಕೊಂಡು, ಬೀಗರಿಗೆಲ್ಲ ತಾನೇ ಬಗ್ಗಿ ಬಗ್ಗಿ ಬಡಿಸುತ್ತಿದ್ದ. ಅಕ್ಷತೆ ಮುಗಿದು, ಗಂಡು ಹೆಣ್ಣು ಹತ್ತಿರದವರೊಡನೆ ಕೂತು ಉಣ್ಣುವ ಭೂಮದ ಊಟಕ್ಕೆ ಎಲೆ ಹಾಕುತ್ತಿದ್ದರು. ಅಷ್ಟರಲ್ಲಿ ಒಳಗಿನಿಂದ ನನ್ನ ಗಂಡನ ಸೋದರತ್ತೆಯ ದನಿ ಕೇಳಿತು. ಅವರ ಬೋರಮಾಳ, ಬಂಗಾರದ ಗುಂಡಿನ ಸರ, ಕಾಣುತ್ತಿಲ್ಲ. ಹೆಂಗಸರು ಎದ್ದರು, ಗಂಟುಗಳನ್ನು ಬಿಚ್ಚತೊಡಗಿದರು. ನಾನು ಮೊದಲು ನೋಡಿದ್ದು ಕಾಕಾ ಎಲ್ಲಿ ಎಂದು. ಬಡಿಸುತ್ತಿದ್ದ ಬಕೆಟ್ಟನ್ನು ಕೆಳಗಿಟ್ಟು, ತನ್ನ ಕೈಚೀಲ ತಂದು ಮುಂದಿಟ್ಟುಕೊಂಡು, ಚಪ್ಪರದ ಕಂಬದ ಹತ್ತಿರ ನೆಲದ ಮೇಲೆ ಕೂತುಬಿಟ್ಟಿದ್ದ. ಎರಡೂ ಅಂಗೈ ಮೊಣಕಾಲ ಮೇಲೆ.

ಬೀಗರಲ್ಲಿ ಒಬ್ಬರು ‘ಅವರ್ಯಾಕ ಹಂಗ ಕುಂತ್ರು?’ ಎಂದು ಕೇಳಿದರು. ಆ ಮಾತು ಕಿವಿಗೆ ಬಿದ್ದವರೆಲ್ಲ ಈಗ ಅವನನ್ನೇ ನೋಡತೊಡಗಿದರು. ಸ್ವಲ್ಪ ಹೊತ್ತಿಗೇ ಸರ ಸಿಕ್ಕಿತು, ಆ ಸೋದರತ್ತೆಯೇ ಕುಪ್ಪಸದಲ್ಲಿ ಸುತ್ತಿ ತಮ್ಮ ಸೀರೆಯ ಚೀಲದಲ್ಲಿ ಇಟ್ಟು ಮರೆತಿದ್ದರು. ಎಲ್ಲರೂ ನಕ್ಕು ಹಗುರಾದರು, ಊಟಕ್ಕೆ ಕರೆದರು. ಕಾಕಾ ಏಳಲಿಲ್ಲ. ಮದುಮಗಳು ಎಲೆ ಬಿಟ್ಟು ಏಳಬಾರದು ಎಂದು ಯಾರೋ ಕೈ ಹಿಡಿದರು. ನಾನು ಕೊಡವಿಕೊಂಡು, ಹಣೆಗೆ ಕಟ್ಟಿದ ಬಾಸಿಂಗ ಹಾಗೇ ಇಟ್ಟುಕೊಂಡು ಅವನ ಹತ್ತಿರ ಹೋದೆ.

“ಕಾಕಾ, ಸಿಕ್ತು. ಅವರ ಚೀಲದಾಗನ ಇತ್ತು. ಏಳು, ಉಣ್ಣಾಕ ಬಾ.”

“ಖರೇನ ಸಿಕ್ತೇನವಾ?”

“ಖರೇನ ಸಿಕ್ತು.”

“ಚಲೋ ಆತು.” ಅವನು ಚೀಲವನ್ನು ನನ್ನ ಕಡೆ ಸರಿಸಿದ. “ಆದ್ರ ನಂದು ಯಾರೂ ನೋಡಿಲ್ಲ. ಒಮ್ಮೆ ನೋಡಿಬಿಡ್ರಿ, ಆಮ್ಯಾಲೆ ಉಣ್ತೇನಿ.”

ನನ್ನ ಗಂಡನ ಸೋದರತ್ತೆ ಓಡಿ ಬಂದು ‘ಏಳ್ರಿ ಅಣ್ಣಾರ, ನಿಮ್ಮನ್ನ ಯಾರು ಏನಂದ್ರು?’ ಎಂದರು. ಅವರ ಕಣ್ಣಲ್ಲಿ ನೀರು ಬಂದಿತ್ತು. ಕಾಕಾ ಅವರಿಗೆ ಕೈಮುಗಿದ, ಏಳಲಿಲ್ಲ. ನಾನು ಧಾರೆಯ ಸೀರೆಯಲ್ಲೇ ನೆಲದ ಮೇಲೆ ಕೂತು, ಎಲ್ಲರ ಎದುರಿಗೆ ಚೀಲದ ಬಾಯಿ ಬಿಚ್ಚಿದೆ. ಒಂದು ಮಡಿಸಿದ ಅಂಗಿ, ಒಂದು ಪಂಚೆ, ಟವೆಲ್ಲು, ಹಣಿಗೆ. ಒಂದೊಂದನ್ನೇ ತೆಗೆದು, ಕೊಡವಿ, ಮತ್ತೆ ಒಳಗಿಟ್ಟೆ.

“ನೋಡಿದೆ ಕಾಕಾ.”

“ಕಿಸೆ?”

“ಕಿಸೇನೂ ನೋಡಿದೆ.”

ಆಗ ಎದ್ದು, ಕೈ ತೊಳೆದುಕೊಂಡು ಬಂದು, ನನ್ನ ಬಗಲಿಗೆ ಕೂತು ಉಂಡ.